ಅಡಿಕೆ ದುಡ್ಡು, ಸೊಸೈಟಿ ಬಡ್ಡಿ ಮತ್ತು ಮಾರ್ಚ್ 15

ಜುಲೈನಲ್ಲಿ ರಿಟರ್ನ್ ತುಂಬಿಸಲು ಸಿಎ ಕಚೇರಿಗೆ ಹೋದವರು ತೆರಿಗೆಯ ಮೊತ್ತ ನೋಡಿ ಗಾಬರಿಯಾಗುವುದಿಲ್ಲ. ಅದು ಇಷ್ಟಾಗಬಹುದು ಎಂಬ ಅಂದಾಜು ಅವರಿಗೆ ಇದ್ದೇ ಇರುತ್ತದೆ. ಅದರ ಕೆಳಗೆ 234ಬಿ, 234ಸಿ ಎಂಬ ಎರಡು ಸಾಲುಗಳಲ್ಲಿ ಬಂದು ಕೂತಿರುವ ಬಡ್ಡಿಯೇ ತಲೆಬಿಸಿ. ‘ಕೊನೆಯ ದಿನಕ್ಕೆ ಮೊದಲೇ ಬಂದಿದ್ದೇನಲ್ಲ, ಮತ್ತೆ ಬಡ್ಡಿ ಎಂಥದ್ದಕ್ಕೆ?’ ಎಂದು ಕೇಳುತ್ತಾರೆ. ಜುಲೈ 31 ರಿಟರ್ನ್ ಸಲ್ಲಿಸುವ ಗಡುವು ಅಷ್ಟೇ. ತೆರಿಗೆ ಕಟ್ಟುವ ಗಡುವು ಹಿಂದಿನ ಮಾರ್ಚ್‌ನಲ್ಲೇ ಮುಗಿದಿರುತ್ತದೆ. ಅದರ ಮೊದಲ ಕಂತಂತೂ ಅದಕ್ಕೂ ಒಂಬತ್ತು ತಿಂಗಳು ಹಿಂದಿನ ಜೂನ್‌ನದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ಬಡ್ಡಿ ಬೀಳಲು ಎರಡು ವಿಶೇಷ ಕಾರಣಗಳಿವೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲ ಎಂಬ ಅರ್ಧ ಸತ್ಯ ಒಂದು. ಸೊಸೈಟಿಯಲ್ಲಿಟ್ಟ ಠೇವಣಿಯ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯುವುದಿಲ್ಲ ಎಂಬುದು ಇನ್ನೊಂದು. ನಮ್ಮ ಭಾಗದವರು ಕಟ್ಟುವ ಬಡ್ಡಿಯಲ್ಲಿ ದೊಡ್ಡ ಪಾಲು ಈ ಎರಡರಿಂದಲೇ ಹುಟ್ಟುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವರ್ಷಕ್ಕೆ ಒಂದೆರಡು ಸಂಜೆ ಪಾಸ್‌ಬುಕ್ಕು, ಅಡಿಕೆ ಮಾರಿದ ಪಟ್ಟಿ ಇಟ್ಟುಕೊಂಡು ಕೂತರೆ ಅದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ಮೂಲ ನಿಯಮ. ವರ್ಷದ ಒಟ್ಟು ತೆರಿಗೆಯಲ್ಲಿ ಟಿಡಿಎಸ್ ಆಗಿ ಹೋದದ್ದನ್ನು ಕಳೆದ ಮೇಲೂ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಅದನ್ನು ಮುಂಗಡವಾಗಿ, ಅಂದರೆ ಆದಾಯ ಬರುತ್ತಿರುವ ವರ್ಷದಲ್ಲೇ ಕಟ್ಟಬೇಕು. ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಒಟ್ಟು ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿದೆ. ಕಂತಿನ ತಾರೀಖು, ಪ್ರಮಾಣ ಮಾತ್ರ ಹಿಂದಿನವೇ. ಜನರ ಬಾಯಲ್ಲಿ ಹಳೆಯ ಸಂಖ್ಯೆಗಳೇ ಇರುವುದರಿಂದ ಇಲ್ಲಿಯೂ ಅವನ್ನೇ ಬಳಸಿದ್ದೇನೆ.

ತೋಟಕ್ಕೆ ತೆರಿಗೆ ಇಲ್ಲ, ಆದರೆ ತೋಟ ತೆರಿಗೆ ಏರಿಸುತ್ತದೆ

ಸ್ವಂತ ತೋಟದ ಅಡಿಕೆ, ಕಾಳುಮೆಣಸು, ಏಲಕ್ಕಿ ಮಾರಿದ ಹಣ ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ನಮ್ಮದೇ ಬೆಳೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡಿದರೂ, ಹಣ್ಣಡಿಕೆ ಒಣಗಿಸಿ ಚಾಲಿ ಮಾಡಿದರೂ ಅದು ಕೃಷಿ ಆದಾಯವೇ. ಬೆಳೆಗಾರ ಸಾಮಾನ್ಯವಾಗಿ ಮಾರುಕಟ್ಟೆಗೆ ತಕ್ಕಂತೆ ಮಾಡುವ ಸಂಸ್ಕರಣೆಯನ್ನು ಕಾಯ್ದೆ ಒಪ್ಪುತ್ತದೆ. ಆದರೆ ಬೇರೆಯವರ ತೋಟದ ಫಸಲು ಗುತ್ತಿಗೆ ಹಿಡಿದು ಕೊಯ್ದು ಮಾರಿದ ಲಾಭ, ಹಸಿ ಅಡಿಕೆ ಖರೀದಿಸಿ ಸಂಸ್ಕರಿಸಿ ಮಾರಿದ ಲಾಭ, ಸುಲಿಯುವ ಯಂತ್ರವನ್ನು ಊರಿಗೆಲ್ಲ ಬಾಡಿಗೆಗೆ ಕೊಟ್ಟ ಹಣ, ಹಾಲು ಮತ್ತು ಜೇನಿನ ಆದಾಯ, ಹೋಂಸ್ಟೇ ಬಾಡಿಗೆ ಇವೆಲ್ಲ ಕೃಷಿಯಲ್ಲ. ಅಂಗಳದಲ್ಲಿ ಎರಡೂ ಬಗೆಯ ಅಡಿಕೆ ಒಟ್ಟಿಗೇ ಒಣಗಬಹುದು. ಲೆಕ್ಕದ ಪುಸ್ತಕದಲ್ಲಿ ಅವು ಬೇರೆ ಬೇರೆ ಇರಲೇಬೇಕು.

ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನ ಭಾಗ. ನಿವ್ವಳ ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ದಾಟಿ, ಕೃಷಿಯಲ್ಲದ ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ, ತೆರಿಗೆಯ ದರ ಹುಡುಕುವಾಗ ಎರಡನ್ನೂ ಕೂಡಿಸಬೇಕು. ಎರಡೂ ಆದಾಯ ಸೇರಿಸಿ ತೆರಿಗೆ ಲೆಕ್ಕ ಹಾಕಿ, ಅದರಿಂದ ಕೃಷಿ ಆದಾಯ ಮತ್ತು ಮೂಲ ವಿನಾಯಿತಿ ಸೇರಿದ ಮೊತ್ತದ ಮೇಲಿನ ತೆರಿಗೆಯನ್ನು ಕಳೆಯಬೇಕು. ಉಳಿದದ್ದು ಕಟ್ಟಬೇಕಾದ ತೆರಿಗೆ. ತೋಟದ ಹಣದ ಮೇಲೆ ನೇರವಾಗಿ ಒಂದು ಪೈಸೆಯೂ ತೆರಿಗೆ ಬಿದ್ದಿಲ್ಲ, ಆದರೆ ಸಂಬಳದ ಅಥವಾ ಬಡ್ಡಿಯ ಹಣ ಮೇಲಿನ ಸ್ಲ್ಯಾಬಿಗೆ ಹೋಗಿ ಕೂತಿದೆ. ಹಳೆಯ ಪದ್ಧತಿ, ಹೊಸ ಪದ್ಧತಿ ಎರಡಕ್ಕೂ ಈ ಲೆಕ್ಕ ಅನ್ವಯಿಸುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಯಲ್ಲಾಪುರದ ಒಬ್ಬ ಉಪನ್ಯಾಸಕಿ ಎಂದಿಟ್ಟುಕೊಳ್ಳಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳದ ಆದಾಯ 13 ಲಕ್ಷ. ತವರಿನಿಂದ ಬಂದ ತೋಟ ಅವರ ಹೆಸರಿನಲ್ಲೇ ಇದೆ, ಖರ್ಚು ಕಳೆದು ಅದರಿಂದ 10 ಲಕ್ಷ. 2025-26ರ ಹೊಸ ಪದ್ಧತಿಯ ಸ್ಲ್ಯಾಬಿನಂತೆ 13 ಲಕ್ಷಕ್ಕೆ 75,000 ರೂಪಾಯಿ, ಶೇ 4ರ ಸೆಸ್ ಸೇರಿ 78,000. ಕಾಲೇಜಿನ ಬಟವಾಡೆ ಅಧಿಕಾರಿಗೆ ತೋಟದ ಸುದ್ದಿ ಗೊತ್ತಿಲ್ಲ. ಅವರು 78,000 ಹಿಡಿದು ಫಾರಂ 16 ಕೊಡುತ್ತಾರೆ. ಉಪನ್ಯಾಸಕಿ ‘ನನ್ನ ತೆರಿಗೆ ಪೂರ್ತಿ ಹೋಗಿದೆ’ ಎಂದು ನೆಮ್ಮದಿಯಿಂದಿರುತ್ತಾರೆ.

ನಿಜವಾದ ಲೆಕ್ಕ ಬೇರೆ. ಎರಡೂ ಸೇರಿ 23 ಲಕ್ಷ, ಅದರ ಮೇಲೆ ತೆರಿಗೆ 2,75,000. ಕೃಷಿಯ 10 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿದರೆ 14 ಲಕ್ಷ, ಅದರ ಮೇಲೆ 90,000. ವ್ಯತ್ಯಾಸ 1,85,000, ಸೆಸ್ ಸೇರಿ 1,92,400. ಟಿಡಿಎಸ್ ಕಳೆದರೆ ಉಳಿದ ಬಾಕಿ 1,14,400 ರೂಪಾಯಿ. ಇದಿಷ್ಟೂ ಮುಂಗಡ ತೆರಿಗೆಯಾಗಿ ಹೋಗಬೇಕಿತ್ತು.

ಅವರು ಏನೂ ಕಟ್ಟದೆ ಜುಲೈನಲ್ಲಿ ರಿಟರ್ನ್ ಜೊತೆ ಕಟ್ಟಿದರು ಎನ್ನಿ. 234ಸಿ ಪ್ರಕಾರ ಮೊದಲ ಮೂರು ಕಂತುಗಳ ಕೊರತೆಗೆ ತಲಾ ಮೂರು ತಿಂಗಳು, ಕೊನೆಯ ಕಂತಿಗೆ ಒಂದು ತಿಂಗಳು, ತಿಂಗಳಿಗೆ ಶೇ 1ರಂತೆ ಬಡ್ಡಿ. ಜೂನ್‌ಗೆ 513, ಸೆಪ್ಟೆಂಬರ್‌ಗೆ 1,542, ಡಿಸೆಂಬರ್‌ಗೆ 2,574, ಮಾರ್ಚ್‌ಗೆ 1,144, ಒಟ್ಟು 5,773. ಮುಂಗಡ ತೆರಿಗೆ ಶೇ 90ಕ್ಕಿಂತ ಕಡಿಮೆಯಾದರೆ ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ 234ಬಿ ಬಡ್ಡಿ ಬೇರೆ. ಇಲ್ಲಿ ನಾಲ್ಕು ತಿಂಗಳಿಗೆ 4,576. ಎರಡೂ ಸೇರಿ 10,349 ರೂಪಾಯಿ. ತಿಂಗಳ ಒಂದು ದಿನ ಮುಟ್ಟಿದರೂ ಪೂರ್ತಿ ತಿಂಗಳ ಬಡ್ಡಿ ಎಂಬುದು ನೆನಪಿರಲಿ.

ಅದೇ ಉಪನ್ಯಾಸಕಿಗೆ ಡಿಸೆಂಬರ್ ಮೊದಲ ವಾರದಲ್ಲಿ ವಿಷಯ ತಿಳಿದು, 15ರೊಳಗೆ ಪೂರ್ತಿ ಕಟ್ಟಿದ್ದರೆ ಬಡ್ಡಿ 2,055ಕ್ಕೆ ನಿಲ್ಲುತ್ತಿತ್ತು. ಮಾರ್ಚ್ 15ಕ್ಕೆ ಕಟ್ಟಿದ್ದರೆ 4,629. ಮಾರ್ಚ್ 31ಕ್ಕೆ ಕಟ್ಟಿದ್ದರೂ 5,773 ಮಾತ್ರ. ಯಾಕೆಂದರೆ ಮಾರ್ಚ್ 31ರವರೆಗೆ ಕಟ್ಟಿದ್ದೆಲ್ಲ ಮುಂಗಡ ತೆರಿಗೆಯೇ, 234ಬಿ ಶುರುವಾಗುವುದಿಲ್ಲ. ಮಾರ್ಚ್ 15 ತಪ್ಪಿತು, ಇನ್ನು ಜುಲೈನಲ್ಲೇ ನೋಡಿದರಾಯಿತು ಎಂದು ಕೈಬಿಡುವವರಿಗೆ ಈ ಹದಿನಾರು ದಿನಗಳ ಬೆಲೆ ಗೊತ್ತಿರಬೇಕು.

ತೋಟದ ಆದಾಯ ಎಂದರೆ ಅಡಿಕೆ ಪಟ್ಟಿಯ ಮೊತ್ತವಲ್ಲ, ಖರ್ಚು ಕಳೆದು ಉಳಿದದ್ದು. ಕೊನೆಗಾರರ ಕೂಲಿ, ಮಳೆಗಾಲದಲ್ಲಿ ಮದ್ದು ಹೊಡೆಸಿದ್ದು, ಮೈಲುತುತ್ತ, ಸುಣ್ಣ, ಗೊಬ್ಬರ, ಸುಲಿದ ಕೂಲಿ, ಗಾಡಿ ಬಾಡಿಗೆ ಎಲ್ಲವೂ ಕಳೆಯಬಹುದಾದ ಖರ್ಚೇ. ನಮ್ಮಲ್ಲಿ ಮಾರಾಟಕ್ಕೆ ಸಂಘದ ಪಟ್ಟಿ ಇರುತ್ತದೆ, ಕೂಲಿಗೆ ಒಂದು ಚೀಟಿಯೂ ಇರುವುದಿಲ್ಲ. ಆದ್ದರಿಂದ ಆದಾಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ತೆರಿಗೆಯೂ ದೊಡ್ಡದಾಗುತ್ತದೆ. ಕೆಲಸದವರ ಹೆಸರು, ದಿನ, ಕೊಟ್ಟ ಹಣ ಬರೆದಿಟ್ಟ ಒಂದು ನೂರು ಪುಟದ ನೋಟ್‌ಪುಸ್ತಕ ಇಲ್ಲಿ ಸಾವಿರಾರು ರೂಪಾಯಿ ಉಳಿಸುತ್ತದೆ. ಕೃಷಿ ಆದಾಯ 5,000 ದಾಟಿದವರು ಐಟಿಆರ್-1 ತುಂಬುವಂತಿಲ್ಲ. 5 ಲಕ್ಷ ದಾಟಿದರೆ ಐಟಿಆರ್-2ರಲ್ಲಿ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದೂ ಬರೆಯಬೇಕು. ಪಹಣಿ ತೆಗೆದಿಟ್ಟುಕೊಂಡರೆ ಅನುಕೂಲ.

ಸೊಸೈಟಿ ಠೇವಣಿಯ ಬಡ್ಡಿ

ಶಿರಸಿಯಲ್ಲೇ ಪ್ರಧಾನ ಕಚೇರಿ ಇರುವ ಕೆಡಿಸಿಸಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬಡ್ಡಿ ಮಿತಿ ದಾಟಿದಾಗ ಟಿಡಿಎಸ್ ಹಿಡಿಯುತ್ತಾರೆ. 2015ರ ಜೂನ್‌ನಿಂದ ಸಹಕಾರಿ ಬ್ಯಾಂಕುಗಳು ಸದಸ್ಯರ ಬಡ್ಡಿಗೂ ಟಿಡಿಎಸ್ ಹಿಡಿಯಬೇಕೆಂಬ ನಿಯಮ ಬಂತು. 2025ರ ಏಪ್ರಿಲ್‌ನಿಂದ ಈ ಮಿತಿ ವರ್ಷಕ್ಕೆ 50,000 ರೂಪಾಯಿ, 60 ದಾಟಿದವರಿಗೆ 1 ಲಕ್ಷ. ಊರಿನ ಸೇವಾ ಸಹಕಾರಿ ಸಂಘದ ಕಥೆ ಬೇರೆ. ಬ್ಯಾಂಕ್ ಅಲ್ಲದ ಸಹಕಾರಿ ಸಂಘ ತನ್ನ ಸದಸ್ಯರಿಗೆ ಕೊಡುವ ಬಡ್ಡಿಯಲ್ಲಿ ಸಾಮಾನ್ಯವಾಗಿ ಟಿಡಿಎಸ್ ಇಲ್ಲ. ವರ್ಷದ ವಹಿವಾಟು 50 ಕೋಟಿ ದಾಟಿದ ದೊಡ್ಡ ಸಂಘಗಳಿಗೆ ಮಾತ್ರ 2020ರಿಂದ ಆ ಹೊಣೆ ಬಂದಿದೆ.

ಇದರಿಂದ ಆಗಿರುವುದೇನು? ಅಡಿಕೆ ಮಾರಿದ ದುಡ್ಡು ಸಂಘದಲ್ಲೇ ಠೇವಣಿಯಾಗುತ್ತದೆ, ಬಡ್ಡಿ ಖಾತೆಗೆ ಪೂರ್ತಿ ಜಮಾ ಆಗುತ್ತದೆ, ಯಾರೂ ಏನೂ ಹಿಡಿಯಲಿಲ್ಲವಾದ್ದರಿಂದ ಇದಕ್ಕೆ ತೆರಿಗೆ ಇಲ್ಲ ಎಂಬ ನಂಬಿಕೆ ಬೆಳೆದುಬಿಟ್ಟಿದೆ. ‘ಅಡಿಕೆ ದುಡ್ಡಿನ ಬಡ್ಡಿ, ಅದೂ ಕೃಷಿಯದ್ದೇ ಅಲ್ಲವೇ’ ಎಂದು ವಾದಿಸುವವರೂ ಇದ್ದಾರೆ. ಅಲ್ಲ. ಅಡಿಕೆ ಮಾರಿ ಹಣ ಕೈಗೆ ಬಂದಲ್ಲಿಗೆ ಕೃಷಿ ಆದಾಯ ಮುಗಿಯಿತು. ಆ ಹಣ ದುಡಿದು ತಂದ ಬಡ್ಡಿ ‘ಇತರ ಮೂಲಗಳ ಆದಾಯ’.

ಈ ಮಾತನ್ನು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದದ್ದು ಶಿರಸಿಯದೇ ಸಂಸ್ಥೆ. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ನಮ್ಮೆಲ್ಲರ ಬಾಯಲ್ಲಿ ಟಿಎಸ್‌ಎಸ್, ಸದಸ್ಯರ ಉತ್ಪನ್ನ ಮಾರಿ ಬಂದ ಹಣದಲ್ಲಿ ತಕ್ಷಣ ಬೇಕಾಗದ್ದನ್ನು ಅಲ್ಪಾವಧಿ ಠೇವಣಿ, ಸಾಲಪತ್ರಗಳಲ್ಲಿ ತೊಡಗಿಸಿತ್ತು. ಆ ಬಡ್ಡಿಗೆ ಸಹಕಾರಿ ಸಂಘಗಳಿಗಿರುವ 80ಪಿ ರಿಯಾಯಿತಿ ಸಿಗಬೇಕು ಎಂಬುದು ಸಂಘದ ವಾದ. 2010ರ ಫೆಬ್ರುವರಿ 8ರಂದು ಬಂದ ತೀರ್ಪು ಅದನ್ನು ಒಪ್ಪಲಿಲ್ಲ. ಸದಸ್ಯರಿಗೆ ಸಾಲ ಕೊಟ್ಟು ಬಂದ ಬಡ್ಡಿ ಬೇರೆ, ಹೆಚ್ಚುವರಿ ಹಣ ಹೂಡಿ ಬಂದ ಬಡ್ಡಿ ಬೇರೆ, ಎರಡನೆಯದು ಇತರ ಮೂಲಗಳ ಆದಾಯ ಎಂದಿತು. ಸಹಕಾರಿ ಸಂಘದ ಬಡ್ಡಿಯ ಪ್ರಶ್ನೆ ಎದ್ದಲ್ಲೆಲ್ಲ ಇಂದಿಗೂ ದೇಶದ ವಕೀಲರು ಈ ಶಿರಸಿ ಪ್ರಕರಣವನ್ನು ಎತ್ತುತ್ತಾರೆ. ಅದು ಸಂಘದ ರಿಯಾಯಿತಿಯ ಪ್ರಶ್ನೆ, ಬಿಡಿ ಬೆಳೆಗಾರನದಲ್ಲ ನಿಜ. ಹಣದ ಮೂಲ ಯಾವುದೇ ಇರಲಿ, ಸುಮ್ಮನಿದ್ದ ಹಣ ತಂದ ಬಡ್ಡಿಗೆ ಅದರದೇ ಲೆಕ್ಕ ಎಂಬ ಎಳೆ ಮಾತ್ರ ನಮ್ಮ ಪಾಸ್‌ಬುಕ್ಕಿಗೂ ಹೊಂದುತ್ತದೆ. ಸಂಘಗಳ ಆಡಳಿತ ಮಂಡಳಿಯವರೂ ನೆನಪಿಡಬೇಕು, ಮುಂಗಡ ತೆರಿಗೆಯ ನಾಲ್ಕು ಕಂತು ಸಂಘಕ್ಕೂ ಇದೆ.

ಬಡ್ಡಿಯನ್ನು ಪ್ರತಿವರ್ಷ ಕೊಡದೆ ಅವಧಿ ಮುಗಿದಾಗ ಅಸಲಿನೊಂದಿಗೆ ಒಟ್ಟಿಗೆ ಕೊಡುವ ಠೇವಣಿಗಳಲ್ಲಿ ಇನ್ನೂ ಎಚ್ಚರ ಬೇಕು. ಐದಾರು ವರ್ಷಗಳ ಬಡ್ಡಿಯನ್ನು ಕೈಗೆ ಬಂದ ವರ್ಷ ಒಂದೇ ಸಲ ತೋರಿಸಿದರೆ ಆ ವರ್ಷ ಸ್ಲ್ಯಾಬ್ ಏರಿ ತೆರಿಗೆಯೂ ಮುಂಗಡ ತೆರಿಗೆಯ ಹೊರೆಯೂ ಒಟ್ಟಿಗೆ ಬೀಳುತ್ತವೆ. ವರ್ಷವರ್ಷ ಸಂದ ಬಡ್ಡಿಯನ್ನು ಆಯಾ ವರ್ಷವೇ ತೋರಿಸುವ ಪದ್ಧತಿ ಹಿಡಿದು ಅದನ್ನು ಬಿಡದೆ ನಡೆಸಿದರೆ ಹೊರೆ ಹಂಚಿಹೋಗುತ್ತದೆ. ಮಾರ್ಚ್ ಮೊದಲ ವಾರ ಸಂಘಕ್ಕೆ ಹೋಗಿ, ಆ ವರ್ಷ ಎಷ್ಟು ಬಡ್ಡಿ ಸಂದಿದೆ ಎಂದು ಬರೆಸಿಕೊಂಡು ಬನ್ನಿ. ಕಾರ್ಯದರ್ಶಿಗಳಿಗೆ ಅದು ಐದು ನಿಮಿಷದ ಕೆಲಸ.

ಬ್ಯಾಂಕ್ ಟಿಡಿಎಸ್ ಹಿಡಿದಿದೆ, ಆದ್ದರಿಂದ ಚಿಂತೆ ಇಲ್ಲ ಎನ್ನುವುದೂ ಸರಿಯಲ್ಲ. ಅದು ಶೇ 10 ಮಾತ್ರ. ನಿಮ್ಮ ಸ್ಲ್ಯಾಬ್ ಶೇ 20 ಅಥವಾ 30 ಆಗಿದ್ದರೆ ವ್ಯತ್ಯಾಸ ನೀವೇ ಕಟ್ಟಬೇಕು. ನೌಕರಿಯಲ್ಲಿರುವವರಿಗೆ ಇಲ್ಲೊಂದು ಸುಲಭ ದಾರಿಯಿದೆ. ಬಡ್ಡಿಯ ಆದಾಯವನ್ನು ಜನವರಿ ಹೊತ್ತಿಗೆ ಸಂಬಳ ಕೊಡುವವರಿಗೆ ಲಿಖಿತವಾಗಿ ತಿಳಿಸಿದರೆ ಅದರ ತೆರಿಗೆಯನ್ನೂ ಸಂಬಳದಲ್ಲೇ ಹಿಡಿಯುತ್ತಾರೆ. ಹಾಗೆ ಫೆಬ್ರುವರಿ, ಮಾರ್ಚ್‌ನಲ್ಲಿ ಹಿಡಿದ ಟಿಡಿಎಸ್ ಕೂಡ ಇಡೀ ವರ್ಷದ ತೆರಿಗೆಯಿಂದ ಕಳೆಯುತ್ತದೆ, ಜೂನ್‌ನಲ್ಲಿ ಯಾಕೆ ಕಟ್ಟಲಿಲ್ಲ ಎಂಬ ಪ್ರಶ್ನೆ ಬರುವುದಿಲ್ಲ.

ಹಿರಿಯರು ಮತ್ತು ಅವಿಭಕ್ತ ಕುಟುಂಬ

60 ವರ್ಷ ತುಂಬಿದ, ಭಾರತದ ನಿವಾಸಿಯಾದ ವ್ಯಕ್ತಿಗೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆಯೇ ಇಲ್ಲ. ತೋಟದ ಆದಾಯ ಈ ಲೆಕ್ಕಕ್ಕೆ ವ್ಯಾಪಾರವಲ್ಲ. ಹಾಗಾಗಿ ತೋಟ, ಪಿಂಚಣಿ, ಠೇವಣಿ ಬಡ್ಡಿ ಇಷ್ಟೇ ಇರುವ ಅಜ್ಜ ಅಜ್ಜಿಯರು ತೆರಿಗೆಯನ್ನು ರಿಟರ್ನ್ ಜೊತೆ ಗಡುವಿನೊಳಗೆ ಕಟ್ಟಿದರೆ ಸಾಕು, ಬಡ್ಡಿ ಬೀಳದು. ಅವರ ಹೆಸರಿನಲ್ಲಿ ಒಂದು ಅಂಗಡಿಯೋ ಎಲ್‌ಐಸಿ ಏಜೆನ್ಸಿಯ ಕಮಿಷನ್ನೋ ಇದ್ದರೆ ಈ ವಿನಾಯಿತಿ ಹೋಯಿತು.

ಹೆಚ್ಚು ಮನೆಗಳು ಎಡವುವುದು ಎಚ್‌ಯುಎಫ್, ಅಂದರೆ ಹಿಂದೂ ಅವಿಭಕ್ತ ಕುಟುಂಬದ ಪ್ಯಾನ್ ವಿಷಯದಲ್ಲಿ. ಯಜಮಾನರಿಗೆ 75 ವರ್ಷ ಎಂದ ಮಾತ್ರಕ್ಕೆ ಕುಟುಂಬಕ್ಕೆ ಹಿರಿಯ ನಾಗರಿಕರ ವಿನಾಯಿತಿ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಶೂನ್ಯವಾಗಿಸುವ 87ಎ ರಿಬೇಟ್ ಕೂಡ ವ್ಯಕ್ತಿಗಳಿಗೆ ಮಾತ್ರ. ಸಿದ್ದಾಪುರದ ಕಡೆಯ ಒಂದು ಕೂಡುಕುಟುಂಬಕ್ಕೆ ತೋಟದಿಂದ ನಿವ್ವಳ 10 ಲಕ್ಷ, ಠೇವಣಿ ಬಡ್ಡಿ 6 ಲಕ್ಷ ಎಂದುಕೊಳ್ಳಿ. ಇದೇ ಆದಾಯ ಒಬ್ಬ ವ್ಯಕ್ತಿಯದಾಗಿದ್ದರೆ ಲೆಕ್ಕದಲ್ಲಿ ಬರುವ 30,000 ರೂಪಾಯಿಯ ತೆರಿಗೆ ರಿಬೇಟಿನಲ್ಲಿ ಪೂರ್ತಿ ಕಳೆದುಹೋಗುತ್ತದೆ. ಕುಟುಂಬದ ಪ್ಯಾನ್‌ನಲ್ಲಿದ್ದರೆ ಸೆಸ್ ಸೇರಿ 31,200 ಕಟ್ಟಬೇಕು. ಟಿಡಿಎಸ್ ಹೋಗಿರದಿದ್ದರೆ ಮುಂಗಡ ತೆರಿಗೆಯ ಕಂತುಗಳೂ ಇವೆ. ಇನ್ನೊಂದು ಮಗ್ಗುಲೂ ಇದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನಿಗೆ ಕುಟುಂಬದ ಆದಾಯದಿಂದ ಕೊಟ್ಟ ಪಾಲು ಅವನ ಕೃಷಿ ಆದಾಯ ಆಗುವುದಿಲ್ಲ, ಅವನ ಸಂಬಳದ ತೆರಿಗೆ ದರವನ್ನು ಅದು ಏರಿಸುವುದಿಲ್ಲ. ಆದ್ದರಿಂದ ತೋಟ ಯಾರದ್ದು, ಠೇವಣಿ ಯಾವ ಪ್ಯಾನ್‌ನಲ್ಲಿದೆ ಎಂಬುದನ್ನು ಮೊದಲು ನಿಕಾಲೆ ಮಾಡಿಕೊಳ್ಳಿ. ವಿಭಾಗವಾಗಿ ವರ್ಷಗಳಾದರೂ ಹಳೆಯ ಠೇವಣಿ ಕುಟುಂಬದ ಹೆಸರಿನಲ್ಲೇ ಉಳಿದಿದ್ದರೆ ಸಿಎ ಹತ್ತಿರ ಕೂತು ಸರಿಪಡಿಸಿಕೊಳ್ಳುವುದೇ ಒಳ್ಳೆಯದು.

ಅಂಗಡಿ, ದಲ್ಲಾಳಿ, ಲಾರಿ

ಸಣ್ಣ ವ್ಯಾಪಾರಿಗಳು 44ಎಡಿ ಪ್ರಕಾರ, ವೈದ್ಯರು, ವಕೀಲರು, ಎಂಜಿನಿಯರುಗಳು 44ಎಡಿಎ ಪ್ರಕಾರ ಅಂದಾಜು ಲಾಭ ಘೋಷಿಸುವುದಾದರೆ ನಾಲ್ಕು ಕಂತಿನ ರಗಳೆ ಇಲ್ಲ, ಮಾರ್ಚ್ 15ಕ್ಕೆ ಒಂದೇ ಸಲ ಪೂರ್ತಿ ಕಟ್ಟಬಹುದು. ಆದರೆ ಕಮಿಷನ್, ದಲ್ಲಾಳಿ ಆದಾಯದವರಿಗೆ 44ಎಡಿ ಸಿಗುವುದಿಲ್ಲ. ಮಾರುಕಟ್ಟೆ ಯಾರ್ಡಿನ ಅಡಿಕೆ ದಲ್ಲಾಳಿಗಳಿಗೂ ವಿಮಾ ಏಜೆಂಟರಿಗೂ ನಾಲ್ಕೂ ಕಂತು ಕಡ್ಡಾಯ. ಲಾರಿ ಇಟ್ಟುಕೊಂಡವರದು ಇನ್ನೊಂದು ತೊಡಕು. ಅವರು 44ಎಇ ಪ್ರಕಾರ ಅಂದಾಜು ಲಾಭ ತೋರಿಸಬಹುದು, ಆದರೆ ಒಂದೇ ಕಂತಿನ ಸೌಲಭ್ಯ 44ಎಇಗೆ ಇಲ್ಲ. ಹೆಸರು ಹತ್ತಿರವಿರುವುದರಿಂದ ಅರಬೈಲು ಘಟ್ಟ ಹತ್ತಿಸುವ ಲಾರಿ ಮಾಲೀಕರು ಮಾರ್ಚ್‌ವರೆಗೆ ಕಾದು ಬಡ್ಡಿ ಕಟ್ಟುವ ಸಂಭವ ಜಾಸ್ತಿ.

ಜೂನ್‌ನಲ್ಲೇ ಇಡೀ ವರ್ಷದ ಅಂದಾಜು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿ ಕೊನೆಕೊಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ. ಜೂನ್, ಸೆಪ್ಟೆಂಬರ್ ಎರಡೂ ಮಳೆಗಾಲದ ತಿಂಗಳು, ಕೈಯಲ್ಲಿ ದುಡ್ಡು ಕಡಿಮೆ, ಕೊಳೆರೋಗ ಎಷ್ಟು ಬೆಳೆ ತಿನ್ನುತ್ತದೋ ಗೊತ್ತಿಲ್ಲ. ಹಿಂದಿನ ವರ್ಷದ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಕಟ್ಟಿ, ಡಿಸೆಂಬರ್, ಮಾರ್ಚ್‌ನಲ್ಲಿ ಸರಿಪಡಿಸಿ. ಕಾಯ್ದೆಯೂ ಒಂದಿಷ್ಟು ಸಡಿಲ ಬಿಟ್ಟಿದೆ. ಜೂನ್‌ನಲ್ಲಿ ಶೇ 15ರ ಬದಲು 12, ಸೆಪ್ಟೆಂಬರ್‌ನಲ್ಲಿ ಶೇ 45ರ ಬದಲು 36 ಮುಟ್ಟಿದ್ದರೆ ಆ ಕಂತಿಗೆ ಬಡ್ಡಿ ಇಲ್ಲ. ಡಿಸೆಂಬರ್, ಮಾರ್ಚ್ ಕಂತುಗಳಿಗೆ ಈ ಸಡಿಲ ಇಲ್ಲ. ಎಣಿಸದೇ ಬರುವ ಆದಾಯಕ್ಕೂ ದಾರಿಯಿದೆ. ಜಾಗ ಅಥವಾ ಷೇರು ಮಾರಿದ ಬಂಡವಾಳ ಲಾಭ, ಲಾಭಾಂಶ ಇಂಥವು ಬಂದ ಮೇಲೆ ಉಳಿದ ಕಂತುಗಳಲ್ಲಿ, ಕಂತು ಮುಗಿದಿದ್ದರೆ ಮಾರ್ಚ್ 31ರೊಳಗೆ ಅದರ ತೆರಿಗೆ ಕಟ್ಟಿದರೆ ಹಿಂದಿನ ಕಂತುಗಳಿಗೆ 234ಸಿ ಬಡ್ಡಿ ಇಲ್ಲ. ಶಿರಸಿ ಪೇಟೆಯ ಅಂಚಿನಲ್ಲಿ ತೋಟವನ್ನೋ ಗದ್ದೆಯನ್ನೋ ಮಾರುವವರು ಒಂದನ್ನು ನೋಡಿಕೊಳ್ಳಬೇಕು. ಹತ್ತು ಸಾವಿರ ದಾಟಿ ಒಂದು ಲಕ್ಷದವರೆಗೆ ಜನಸಂಖ್ಯೆಯಿರುವ ಪಟ್ಟಣದ ಗಡಿಯಿಂದ ನೇರ ಗೆರೆಯಲ್ಲಿ 2 ಕಿಲೋಮೀಟರ್ ಒಳಗಿರುವ ಕೃಷಿಭೂಮಿ ತೆರಿಗೆಯ ಕಣ್ಣಿಗೆ ನಗರದ ಆಸ್ತಿ, ಅದರ ಲಾಭಕ್ಕೆ ತೆರಿಗೆ ಇದೆ.

ಕಟ್ಟುವುದು ಕಷ್ಟವಲ್ಲ. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ‘ಇ-ಪೇ ಟ್ಯಾಕ್ಸ್’ ತೆರೆದು, ಪ್ಯಾನ್ ಮತ್ತು ಮೊಬೈಲ್‌ಗೆ ಬಂದ ಒಟಿಪಿ ಕೊಟ್ಟು, ಮುಂಗಡ ತೆರಿಗೆ ಆರಿಸಿ, ಯುಪಿಐ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಬಹುದು. ಚಲನ್ ಮಾಡಿಸಿಕೊಂಡು ಅಧಿಕೃತ ಬ್ಯಾಂಕಿನ ಕೌಂಟರಿನಲ್ಲೂ ಆಗುತ್ತದೆ. 15ನೇ ತಾರೀಖು ಬ್ಯಾಂಕ್ ರಜೆ ಇದ್ದರೆ ಮರುದಿನ ಕಟ್ಟಿದರೂ ತಡವಲ್ಲ.

ಎಡವುವುದು ವರ್ಷ ಆರಿಸುವಲ್ಲಿ. ಈಗ ‘2026-27’ ಎಂಬುದಕ್ಕೆ ಎರಡು ಅರ್ಥಗಳಿವೆ. ಹಳೆಯ ಕಾಯ್ದೆಯ ‘ಅಸೆಸ್‌ಮೆಂಟ್ ವರ್ಷ 2026-27’ ಎಂದರೆ 2026ರ ಮಾರ್ಚ್‌ಗೆ ಮುಗಿದ ವರ್ಷದ ಆದಾಯ. ಹೊಸ ಕಾಯ್ದೆಯ ‘ತೆರಿಗೆ ವರ್ಷ 2026-27’ ಎಂದರೆ 2026ರ ಏಪ್ರಿಲ್‌ನಿಂದ 2027ರ ಮಾರ್ಚ್‌ವರೆಗಿನ ಆದಾಯ. ಹಿಂದಿನ ವರ್ಷದ ಬಾಕಿಯನ್ನು ಎರಡನೆಯದಕ್ಕೆ ಕಟ್ಟಿದರೆ ಹಣ ಹೋಗಿರುತ್ತದೆ, ಬಾಕಿ ಹಾಗೇ ಇರುತ್ತದೆ, ಬಡ್ಡಿಯೂ ಓಡುತ್ತಿರುತ್ತದೆ. ಕಟ್ಟುವ ಮೊದಲು ತೆರೆಯನ್ನು ಎರಡು ಸಲ ಓದಿ. ಕಟ್ಟಿದ ಮೇಲೆ ಚಲನ್ ಇಳಿಸಿ ಮುದ್ರಿಸಿಟ್ಟುಕೊಳ್ಳಿ.

ಅಂದಾಜು ಆಚೀಚೆ ಆಗುವುದೇ ಎಂದಾದರೆ ಸ್ವಲ್ಪ ಹೆಚ್ಚಿಗೆ ಕಟ್ಟುವುದು ಮೇಲು. ಹೆಚ್ಚಾದದ್ದು ರಿಫಂಡ್ ಆಗಿ ಖಾತೆಗೆ ಬರುತ್ತದೆ. ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದು, ರಿಫಂಡ್ ಮೊತ್ತ ಆ ವರ್ಷದ ತೆರಿಗೆಯ ಶೇ 10ಕ್ಕಿಂತ ಕಡಿಮೆ ಇಲ್ಲದಿದ್ದರೆ ಏಪ್ರಿಲ್‌ನಿಂದ ತಿಂಗಳಿಗೆ ಶೇ ಅರ್ಧದಂತೆ ಇಲಾಖೆಯೇ ಬಡ್ಡಿ ಕೊಡುತ್ತದೆ. ಆ ಬಡ್ಡಿಯನ್ನೂ ಕೈಗೆ ಬಂದ ವರ್ಷದ ಆದಾಯದಲ್ಲಿ ತೋರಿಸಬೇಕು.